ಆರ್ಟ್ ಬೋರ್ಡು ಹಾಕಿದ ಮಳೆಗಾಲ

ಮೊನ್ನೆ ಕನ್ನಡಕದ ಕಡ್ಡಿ ಸರಿಮಾಡಿಸಲು ಮೈಸೂರಿಗೆ ಹೋದವನು ಹಾಗೇ ನಮ್ಮ ಕಂಪನಿಯ ಅಂಗಡಿಗೆ ಕಾಲಿಟ್ಟೆ. ನಮ್ಮ ಕಂಪನಿ ಅನ್ನುವುದು ಬಾಯಿಗೆ ಅಂಟಿಕೊಂಡ ಮಾತು. ನಾನು ಅಲ್ಲಿ ಕೆಲಸ ಮುಗಿಸಿ ಎಷ್ಟೋ ವರ್ಷವಾಯಿತು. ನಮ್ಮ ತಾತನ ಕಾಲದಿಂದ ದೇಶದ ಉದ್ದಗಲಕ್ಕೂ ಪುಸ್ತಕ ಮಾರಿಕೊಂಡು ಬಂದ ಕಂಪನಿ ಅದು. ಈಗ ಒಳಗೆ ಅರ್ಧ ಪುಸ್ತಕ, ಮಿಕ್ಕರ್ಧ ಆಟದ ಸಾಮಾನು, ಶಾಲೆಯ ಚೀಲ, ಕಾಫಿ ಕುಡಿಯುವ ಮೇಜು. ಗಾಜಿನ ಬಾಗಿಲು ತಳ್ಳಿದೊಡನೆ ಹೊಸ ಪ್ಲೈವುಡ್ಡಿನ, ಗೋಂದಿನ, ಈಗತಾನೇ ಕಟ್ಟು ಬಿಚ್ಚಿದ ಕಾಗದದ ವಾಸನೆ ಬಂತು. ತಲೆ ಎತ್ತಿದರೆ ಎದುರಿನ ರ‍್ಯಾಕಿನ ಮೇಲೆ ಮೂರು ಇಂಗ್ಲಿಷ್ ಅಕ್ಷರ. ಎ, ಆರ್, ಟಿ.

ನಾನು ಅಲ್ಲೇ ನಿಂತುಬಿಟ್ಟೆ.

ಬಾಗಿಲ ಹತ್ತಿರ ನಿಂತಿದ್ದ ಹುಡುಗಿ, "ಏನ್ ಬೇಕು ಅಂಕಲ್?" ಅಂದಳು.

"ಏನಿಲ್ಲ ಕಣವ್ವ. ಸುಮ್ನೆ ನೋಡಾನ ಅಂತ ಬಂದೆ" ಅಂದೆ. ಅವಳು ಆ ಕಡೆ ತಿರುಗಿದಳು. ನಾನು ಆ ಬೋರ್ಡಿನ ಕೆಳಗೆ ಸುಮಾರು ಹೊತ್ತು ನಿಂತಿದ್ದೆ.

ಅದು ತೊಂಬತ್ತರ ದಶಕದ ಮೊದಮೊದಲ ಮಾತು. ಮೈಸೂರಿಗೂ ಬೆಂಗಳೂರಿಗೂ ಇದ್ದ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತಿದ್ದರು. ಶ್ರೀರಂಗಪಟ್ಟಣದ ಸ್ಟೇಷನ್ನಿನಲ್ಲಿ, ಪ್ಲಾಟ್‌ಫಾರಮ್ಮಿನ ಮೇಲೆ, ಕಂಪನಿಯ ಪುಸ್ತಕದ ಅಂಗಡಿ ನೋಡಿಕೊಳ್ಳುತ್ತಿದ್ದವನು ನಾನು. ಮರದ ಅಂಗಡಿ, ಮೂರು ಕಡೆ ಗಾಜಿನ ಬೀರು, ಮುಂದೆ ಒಂದು ಹಲಗೆ. ಊರು ನೋಡಲು ಬರುವವರು ಇಂಗ್ಲಿಷ್ ಪುಸ್ತಕ ಕೇಳುತ್ತಿದ್ದರು, ಊರಿನವರು ಕನ್ನಡ ವಾರಪತ್ರಿಕೆ ಕೇಳುತ್ತಿದ್ದರು. ಇಬ್ಬರಿಗೂ ನಾನು ಬೇಕಾದವನಾಗಿದ್ದೆ.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ಗದ್ದೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ ವರ್ಷ ಸ್ಲೇಟು ಕೆಳಗಿಟ್ಟು ನೇಗಿಲು ಹಿಡಿದವನು. ಆಮೇಲೆ ತಮ್ಮಂದಿರು ದೊಡ್ಡವರಾಗಿ ಬೆಳಗೊಳದ ಹತ್ತಿರದ ನಮ್ಮ ಗದ್ದೆ ನೋಡಿಕೊಂಡರು. ನಾನು ಸ್ಟೇಷನ್ನಿಗೆ ಬಂದು ಪಾರ್ಸಲ್ ಹೊರುವ ಕೆಲಸಕ್ಕೆ ನಿಂತೆ. ಕಂಪನಿಯ ಪುಸ್ತಕದ ಪೆಟ್ಟಿಗೆಯನ್ನು ಬೇರೆಯವರು ದೊಪ್ಪನೆ ಎತ್ತಿಹಾಕಿದರೆ ನಾನು ಮಗುವಿನ ಹಾಗೆ ಇಳಿಸುತ್ತಿದ್ದೆ. ಅದನ್ನು ನೋಡಿದ ಹಳೆಯ ಮ್ಯಾನೇಜರು ನನ್ನನ್ನು ಅಂಗಡಿಯೊಳಗೆ ಕರೆದುಕೊಂಡರು. ಅವರು ನಿವೃತ್ತರಾದಾಗ ಬೀಗದ ಕೈ ನನ್ನ ಕೈಗೆ ಬಂತು. ಹದಿನಾರು ವರ್ಷ ಆ ಬೀಗ ನಾನೇ ತೆಗೆದೆ, ನಾನೇ ಹಾಕಿದೆ. ಒಂದು ದಿನವೂ ತಡವಾಗಿ ತೆಗೆದವನಲ್ಲ.

ಕನ್ನಡ ಎಷ್ಟು ದಪ್ಪದ ಪುಸ್ತಕ ಕೊಟ್ಟರೂ ಓದುತ್ತಿದ್ದೆ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ ಗೊತ್ತಿತ್ತು, ಒಂದೊಂದನ್ನೇ ತೋರಿಸಿದರೆ ಹೇಳುತ್ತಿದ್ದೆ. ನಾಲ್ಕು ಅಕ್ಷರ ಒಟ್ಟಿಗೆ ಕೂತವೆಂದರೆ ಅವು ನನ್ನ ಜೊತೆ ಮಾತು ಬಿಡುತ್ತಿದ್ದವು. ಇದು ಯಾರಿಗೂ ಗೊತ್ತಿರಲಿಲ್ಲ. ಗಾಜಿನ ಬೀರು ನನ್ನನ್ನು ಕಾಪಾಡಿತ್ತು. ಗಿರಾಕಿ ಹೊರಗೆ ನಿಂತು ಪುಸ್ತಕದ ಹೆಸರು ಹೇಳಬೇಕು, ನಾನು ಒಳಗಿನಿಂದ ತೆಗೆದುಕೊಡಬೇಕು. ಹೊಸ ಪುಸ್ತಕ ಬಂದಾಗ ಅದನ್ನು ಎದುರಿಗೇ ಇಡುತ್ತಿದ್ದೆ. ಯಾರಾದರೂ ಬೊಟ್ಟು ಮಾಡಿ ಇಂಥ ಪುಸ್ತಕ ಕೊಡಿ ಅಂದೊಡನೆ ಆ ಹೆಸರು, ಹೊದಿಕೆಯ ಬಣ್ಣ, ದಪ್ಪ ಎಲ್ಲ ಒಟ್ಟಿಗೆ ತಲೆಯೊಳಗೆ ಕೂರುತ್ತಿತ್ತು. ಮತ್ತೆ ಮರೆಯುತ್ತಿರಲಿಲ್ಲ. ರಸೀದಿಗೆ ಪುಸ್ತಕದ ಹಿಂದಿನ ನಂಬರು ಬರೆದರೆ ಸಾಕಾಗಿತ್ತು.

ಹೆಂಡತಿ ಜಯಮ್ಮನಿಗೂ ನಾನು ಹೇಳಿರಲಿಲ್ಲ. ಅವಳು ಪಾಂಡವಪುರದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ಹೆಣ್ಣು ಕೇಳಲು ಹೋದಾಗ ನಮ್ಮ ದೊಡ್ಡಪ್ಪ, "ನಮ್ಮುಡ್ಗ ಇಂಗ್ಲೀಸ್ ಪುಸ್ತಕದ್ ಕಂಪ್ನೀಲವ್ನೆ" ಅಂತ ಹೇಳಿಬಿಟ್ಟಿದ್ದರು. ಆ ಮಾತನ್ನು ನಾನು ಸುಳ್ಳು ಮಾಡಲಿಲ್ಲ, ನಿಜವನ್ನೂ ಮಾಡಲಿಲ್ಲ. ಅದರ ನೆರಳಲ್ಲೇ ಸಂಸಾರ ನಡೆಸಿದೆ.

ಹಳಿ ಕಿತ್ತು ರೈಲು ಓಡಾಟ ನಿಂತ ಮೇಲೆ ಸ್ಟೇಷನ್ನು ಹೆಣದ ಮನೆಯಂತಾಯಿತು. ಬೆಳಗಿನಿಂದ ಸಂಜೆಯವರೆಗೂ ಜಲ್ಲಿ ಸುರಿಯುವ ಸದ್ದು. ಬಿಳಿ ಧೂಳು ಗಾಜಿನ ಮೇಲೆ ಕೂರುತ್ತಿತ್ತು, ನಾನು ಒರೆಸುತ್ತಿದ್ದೆ, ಮತ್ತೆ ಕೂರುತ್ತಿತ್ತು. ಅಷ್ಟರಲ್ಲಿ ಸುದ್ದಿಗಳು ಬರತೊಡಗಿದವು. ಕಂಪನಿ ಅಲ್ಲಲ್ಲಿ ಸ್ಟೇಷನ್ ಅಂಗಡಿ ಮುಚ್ಚುತ್ತಿದೆಯಂತೆ. ಮೈಸೂರಿನ ಅಂಗಡಿಯಲ್ಲಿ ಗಾಜಿನ ಬೀರುಗಳನ್ನೇ ತೆಗೆದುಹಾಕಿದರಂತೆ. ಇನ್ನು ಗಿರಾಕಿಯೇ ಒಳಗೆ ಬಂದು, ಬೋರ್ಡು ಓದಿಕೊಂಡು, ಬೇಕಾದ್ದನ್ನು ತಾನೇ ಎತ್ತಿಕೊಳ್ಳಬೇಕಂತೆ. ಪುಸ್ತಕದ ಜೊತೆ ಹಾಡಿನ ಕ್ಯಾಸೆಟ್ಟು, ಹುಟ್ಟುಹಬ್ಬದ ಕಾರ್ಡು ಇಟ್ಟಿದ್ದಾರಂತೆ. ಕೆಲಸದವರೆಲ್ಲ ಪುಸ್ತಕದ ಹೆಸರು ಓದಿ ಓದಿ ಕಂಪ್ಯೂಟರಿಗೆ ಹಾಕಬೇಕಂತೆ.

ಬೇರೆಯವರು ಇದನ್ನು ಕೇಳಿ ಸಂಬಳದ ಚಿಂತೆ ಮಾಡಿದರು. ನಾನು ಗಾಜಿನ ಚಿಂತೆ ಮಾಡಿದೆ. ಆ ಗಾಜು ಹೋದರೆ ನಾನು ಎಲ್ಲರೆದುರು ಬೆತ್ತಲೆ.

ಕೈಕಟ್ಟಿ ಕೂರುವುದು ನನಗಾಗದು. ಶಾಲೆ ಶುರುವಾಗುವ ಕಾಲ. ಎರಡು ರೆಕ್ಸಿನ್ ಚೀಲದ ತುಂಬಾ ಗೈಡು, ಡಿಕ್ಷನರಿ, ನಕ್ಷೆ ಪುಸ್ತಕ ತುಂಬಿಕೊಂಡು ಬಸ್ಸು ಹತ್ತಿದೆ. ಒಂದು ದಿನ ಪಾಂಡವಪುರ, ಒಂದು ದಿನ ಕೆ.ಆರ್. ಪೇಟೆ, ಒಂದು ದಿನ ನಾಗಮಂಗಲ. ಹೈಸ್ಕೂಲುಗಳಿಗೆ ಹೋಗಿ, ಮೇಷ್ಟ್ರುಗಳಿಗೆ ಬೇಕಾದ್ದನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆಸಿಕೊಂಡು, ಮುಂದಿನ ವಾರ ತಂದುಕೊಡುತ್ತಿದ್ದೆ. ಕಂಪನಿಯನ್ನು ಕೇಳಿರಲಿಲ್ಲ. ಕೇಳಬೇಕಾದರೆ ಇಂಗ್ಲಿಷಿನಲ್ಲಿ ಕಾಗದ ಬರೆಯಬೇಕಿತ್ತು.

ಮುಂಗಾರು ಹಿಡಿಯುವ ಮುಂಚೆ ಒಂದು ಪಾರ್ಸಲ್ ಬಂತು. ಬಿಚ್ಚಿದರೆ ಆರು ಬೋರ್ಡು, ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಕೆಂಪು ಇಂಗ್ಲಿಷ್ ಅಕ್ಷರ. ಬೀರುವಿನ ಗಾಜು ತೆಗೆದು, ಪುಸ್ತಕಗಳನ್ನು ಬಗೆಬಗೆಯಾಗಿ ಜೋಡಿಸಿ, ಮೇಲೆ ಈ ಬೋರ್ಡು ಹಾಕಬೇಕೆಂದು ಪಾರ್ಸಲ್ ತಂದವನು ಬಾಯಲ್ಲಿ ಹೇಳಿಹೋದ. ದೊಡ್ಡ ಸಾಹೇಬರು ನೋಡಲು ಬರುತ್ತಾರೆ ಅಂತಲೂ ಹೇಳಿದ.

ಸ್ಟೇಷನ್ನಿನಲ್ಲಿ ಬಾವುಟ ತೋರಿಸುವ ಪುಟ್ಟಸ್ವಾಮಣ್ಣನಿಗೆ ಆಗ ಕೆಲಸವಿರಲಿಲ್ಲ. ರೈಲಿನ ಬೋರ್ಡು ಓದಿ ಓದಿ ಅವನಿಗೆ ಅಷ್ಟಿಷ್ಟು ಇಂಗ್ಲಿಷು ಬರುತ್ತಿತ್ತು. ನಾನು ಕಣ್ಣುಜ್ಜಿಕೊಳ್ಳುತ್ತಾ, "ಅಣ್ಣ, ಜಲ್ಲಿ ಧೂಳು ಕಣ್ಗೆ ಬಿದ್ಬುಟ್ಟದೆ. ಇವೇನು ಅಂತ ಒಸಿ ಓದು" ಅಂದೆ.

"ದಿನಾ ಇಂಗ್ಲೀಸ್ ಮಾರೋನ್ಗೆ ನಾನ್ ಓದ್ಬೇಕಾ? ಕಾಲ ಕೆಡ್ತು ಕಣ್ಲಾ" ಅಂತ ನಗುತ್ತಾ ಒಂದೊಂದನ್ನೇ ಎತ್ತಿ ಓದಿದ. "ಇದು ಇಸ್ಟರಿ. ಇದು ಚಿಲ್ಡ್ರನ್. ಇದು ಆರ್ಟು..."

ಬೋರ್ಡಿನ ಹಿಂದೆ ನಾನು ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ನಮ್ಮ ಕಡೆ ಹಕಾರ ನಾಲಗೆಗೆ ಹತ್ತುವುದಿಲ್ಲ. ಹಾಲು ಅನ್ನುವುದು ಆಲು, ಹೋದರು ಅನ್ನುವುದು ಓದರು. ಪುಟ್ಟಸ್ವಾಮಣ್ಣ ಹಿಸ್ಟರಿಯನ್ನು ಇಸ್ಟರಿ ಅಂದ ಮೇಲೆ ಆರ್ಟು ಅಂದರೇನು ಅಂತ ನನಗೆ ಅನುಮಾನವೇ ಬರಲಿಲ್ಲ. ಆರ್ಟ್ ಕಾಯಿಲೆ, ಆರ್ಟ್ ಡಾಕ್ಟ್ರು, ಆರ್ಟ್ ಆಪರೇಷನ್ನು ಅಂತ ಊರೆಲ್ಲ ಅನ್ನುತ್ತದೆ. ಎದೆಯ ಚಿತ್ರವಿದ್ದ ಪುಸ್ತಕ, ಬಿ.ಪಿ.ಯದು, ಸಕ್ಕರೆ ಕಾಯಿಲೆಯದು, ಪಥ್ಯದ ಅಡುಗೆಯದು, ಎಲ್ಲವನ್ನೂ ಒಂದೂ ಓರೆಯಾಗದ ಹಾಗೆ ಸಾಲಾಗಿ ನಿಲ್ಲಿಸಿ ಮೇಲೆ ಆ ಬೋರ್ಡು ಹಾಕಿದೆ. ಚಿತ್ರ ಬರೆಯುವ ನಾಲ್ಕು ಪುಸ್ತಕಗಳನ್ನು ಮಕ್ಕಳ ಕಡೆಗೆ ಸೇರಿಸಿದೆ. ಕಂಪನಿಯವರಿಗೂ ಈ ಕಡೆಯ ಜನರ ಕಷ್ಟ ಗೊತ್ತಾಗಿದೆಯಲ್ಲ ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಸಾಹೇಬರು ಬಂದದ್ದು ಜಡಿಮಳೆಯಲ್ಲಿ. ಎರಡು ದಿನದಿಂದ ಬಿಟ್ಟಿರಲಿಲ್ಲ. ಹೊಳೆ ಕೆಂಪಾಗಿ ತುಂಬಿತ್ತು. ಬಸ್ ಸ್ಟ್ಯಾಂಡಿನಿಂದ ನಡೆದು, ಹಳಿಯಿಲ್ಲದ ಜಲ್ಲಿಯ ಮೇಲೆ ಎಡವುತ್ತಾ, ಕೊಡೆ ಹಿಡಿದು ಬಂದರು. ಶೇಷಾದ್ರಿ ಅಂತ ಹೆಸರು, ನನ್ನಷ್ಟೇ ವಯಸ್ಸು, ಬೆಂಗಳೂರಿನ ಕನ್ನಡ. ಕೂತುಕೊಳ್ಳಿ ಅಂದರೂ ಕೂರಲಿಲ್ಲ. ಒಂದೊಂದೇ ಬೋರ್ಡು ನೋಡಿಕೊಂಡು ಬಂದವರು ಮೂರನೆಯದರ ಕೆಳಗೆ ನಿಂತರು.

"ನಿಂಗೇಗೌಡ್ರೇ, ಇದು ಯಾವ ಸೆಕ್ಷನ್?"

"ಆರ್ಟು ಸಾರ್."

"ಬೋರ್ಡ್ ಅದನ್ನೇ ಹೇಳ್ತಿದೆ. ಆದರೆ ಕೆಳಗೆ..."

ನಾನು ಅವರ ಮಾತು ಮುಗಿಯಲು ಬಿಡಲಿಲ್ಲ. ಮೆಚ್ಚಿಸುವ ಆತುರ. "ಈ ಕಡೆ ಆರ್ಟು ಜಾಸ್ತಿ ಸಾರ್. ನಮ್ ದೊಡ್ಡಪ್ಪನೂ ಆರ್ಟಲ್ಲೇ ಓದ್ರು."

"ಹೌದಾ? ಯಾವ ಕಾಲೇಜಲ್ಲಿ?"

"ಕಾಲೇಜಲ್ಲಲ್ಲ ಸಾರ್. ಗದ್ದೆ ಬದಿನ್ ಮೇಲೆ. ನೀರ್ ಕಟ್ತಿದ್ದೋರು ಅಂಗೇ ಕುಸ್ದೋದ್ರು."

ಅವರು ನನ್ನ ಮುಖ ನೋಡಿದರು. ಆಮೇಲೆ ಬೋರ್ಡು ನೋಡಿದರು. ಅವರ ಕಣ್ಣಿನಲ್ಲಿ ಏನೋ ಒಂದು ಅರ್ಥವಾಗಿ ಸರಿದು ಹೋದದ್ದನ್ನು ನಾನು ಕಂಡೆ. ಏನು ಅಂತ ಗೊತ್ತಾಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅವರು ನಗಲಿಲ್ಲ.

ಬೀರುವಿನಿಂದ ಒಂದು ಪುಸ್ತಕ ತೆಗೆದು, "ಇದರ ಹೆಸರೇನು?" ಅಂದರು. ಹೇಳಿದೆ. ಇನ್ನೊಂದು. ಹೇಳಿದೆ. ಆಮೇಲೆ ತಮ್ಮ ಚೀಲಕ್ಕೆ ಕೈಹಾಕಿ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಹೊಸ ಪುಸ್ತಕವೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. ಹಸಿರು ಹೊದಿಕೆ. ಅದುವರೆಗೆ ಯಾವ ಗಿರಾಕಿಯೂ ನನ್ನ ಮುಂದೆ ಅದರ ಹೆಸರು ಹೇಳಿರಲಿಲ್ಲ.

"ಇದು?"

ಅಕ್ಷರ ಕಾಣುತ್ತಿದ್ದವು. ಟಿ, ಎಚ್, ಇ. ಅದರಾಚೆ ಕತ್ತಲೆ. ಕಿವಿಯೊಳಗೆ ಮಳೆಯ ಸದ್ದು ಒಂದೇ ಇತ್ತು.

"ಕಣ್ಗೆ ಧೂಳು ಬಿದ್ದದೆ ಸಾರ್" ಅಂದೆ.

ಅವರು ತಿರುಗಿ ಪ್ಲಾಟ್‌ಫಾರಂ ನೋಡಿದರು. ಜಲ್ಲಿಯೆಲ್ಲ ತೊಳೆದು ಕಪ್ಪಗೆ ಹೊಳೆಯುತ್ತಿತ್ತು. ಎರಡು ದಿನದಿಂದ ಆ ಸ್ಟೇಷನ್ನಿನಲ್ಲಿ ಒಂದು ಚಿಟಿಕೆ ಧೂಳು ಎದ್ದಿರಲಿಲ್ಲ. ಅವರು ಆ ಪುಸ್ತಕವನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. ನೋಟ್ ಬುಕ್ಕಿನಲ್ಲಿ ಎರಡು ಸಾಲು ಬರೆದರು. ಹಲಗೆಯ ಮೇಲೆ ಕಲ್ಲು ಹೇರಿಟ್ಟಿದ್ದ ಚೀಟಿಗಳ ಕಟ್ಟು ಅವರ ಕಣ್ಣಿಗೆ ಬಿತ್ತು.

"ಇವೇನು?"

"ಶಾಲೆಗಳ್ದು ಸಾರ್. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ನಾನೇ ಓಗಿ ಕೊಟ್ಟ್ ಬತ್ತಿದ್ದೆ."

"ಯಾರು ಹೇಳಿದ್ದು ಹೀಗೆ ಮಾಡೋಕೆ?"

"ಯಾರೂ ಏಳ್ನಿಲ್ಲ ಸಾರ್."

ಚೀಟಿಯ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಕಳ್ಳಮಾಲು ಸಿಕ್ಕಿದಾಗ ಪೊಲೀಸರು ತೆಗೆದುಕೊಂಡು ಹೋಗುವ ಹಾಗೆ ನನಗೆ ಕಂಡಿತು.

ಒಂದು ವಾರದ ನಂತರ ಶನಿವಾರ ರಿಜಿಸ್ಟರ್ ಪೋಸ್ಟು ಬಂತು. ಟೈಪು ಮಾಡಿದ ಇಂಗ್ಲಿಷ್ ಕಾಗದ. ಮೇಲೆ ನನ್ನ ಹೆಸರಿತ್ತು. ಅದರ ಅಕ್ಷರ ನನಗೆ ಗುರುತು. ನಡುವೆ ಒಂದು ತಾರೀಖಿತ್ತು; ಅಂಕಿ ಬರುತ್ತಿತ್ತಲ್ಲ, ಕ್ಯಾಲೆಂಡರ್ ನೋಡಿದರೆ ಅದು ಆಚೆ ಸೋಮವಾರ. ಒಂಬತ್ತು ದಿನ. ಆ ತಾರೀಖಿನ ಕೆಳಗೆ ಗೆರೆ ಎಳೆದಿದ್ದರು. ಕಾಗದದ ಹಿಂದೆ ಇನ್ನೊಂದು ಹಾಳೆ ಸೇರಿಸಿ ಪಿನ್ನು ಹೊಡೆದಿದ್ದರು. ಮೊದಲನೆಯದೇ ಹೀಗಿರುವಾಗ ಎರಡನೆಯದರಲ್ಲಿ ಇನ್ನೇನಿರುತ್ತದೆ ಅಂತ ಅದನ್ನು ಎತ್ತಿಯೂ ನೋಡಲಿಲ್ಲ. ಮಡಿಸಿ ಅಂಗಿಯ ಒಳಜೇಬಿಗೆ ಹಾಕಿಕೊಂಡೆ.

ಆ ಒಂಬತ್ತು ದಿನ ನಾನು ಉಂಡದ್ದು, ಮಲಗಿದ್ದು ನನಗೆ ನೆನಪಿಲ್ಲ. ಆ ಕಾಗದ ಎದೆಗೆ ಒತ್ತುತ್ತಿದ್ದದ್ದು ನೆನಪಿದೆ. ಸೋಮವಾರ ಏನಾಗುತ್ತದೆ? ಬೀಗದ ಕೈ ಕೇಳುತ್ತಾರೋ? ಸುಳ್ಳು ಹೇಳಿ ಕೆಲಸ ಮಾಡಿದೆ ಅಂತ ಕೇಸು ಹಾಕುತ್ತಾರೋ? ನಿಂಗೇಗೌಡನಿಗೆ ಇಂಗ್ಲಿಷು ಬರಲ್ಲವಂತೆ, ಇಷ್ಟು ವರ್ಷ ಹೆಂಡತಿಗೇ ನಾಟಕ ಆಡಿದನಂತೆ ಅಂತ ಊರಿನವರು ಜಗಲಿಯ ಮೇಲೆ ಕೂತು ನಗುವುದು ಕಿವಿಗೆ ಕೇಳುತ್ತಿತ್ತು. ಕೆಲಸ ಹೋದರೆ ಗದ್ದೆಯಿದೆ. ಆ ನಗು ಬಂದರೆ ಎಲ್ಲಿಗೆ ಹೋಗುವುದು?

ಗುರುತಿಲ್ಲದವರ ಕೈಲಿ ಓದಿಸೋಣ ಅಂದುಕೊಂಡೆ. ಮಂಗಳವಾರ ಪಾಂಡವಪುರಕ್ಕೆ ಪುಸ್ತಕ ಕೊಡಲು ಹೋದಾಗ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಮೇಲೆ ನಿಂತೆ. ಒಳಗೆ ಟಕಟಕ ಸದ್ದು. ನನಗೆ ಮಗಳಾಗುವಷ್ಟು ವಯಸ್ಸಿನ ಹೆಣ್ಣುಮಕ್ಕಳು ನನ್ನನ್ನು ಸರಿಸಿಕೊಂಡು ಒಳಗೆ ಹೋದರು. ನಾನು ಇಳಿದು ಬಂದೆ.

ಗುರುವಾರ ಕೆ.ಆರ್. ಪೇಟೆ. ಅಲ್ಲಿನ ಹೈಸ್ಕೂಲಿನ ಹೆಡ್ಮಾಸ್ಟರು ಒಳ್ಳೆಯವರು. ಕೇಳಿಯೇಬಿಡೋಣ ಅಂತ ಜೇಬಿಗೆ ಕೈಹಾಕಿದೆ. ಅಷ್ಟರಲ್ಲಿ ಅವರು ಪಕ್ಕದ ಮೇಷ್ಟ್ರಿಗೆ, "ನೋಡಿ, ಇವರು ನಿಂಗೇಗೌಡ್ರು. ಹೊಸಹೊಳಲಿಂದ ಬರೋ ನಮ್ಮ ಹುಡುಗರಿಗೂ ಇಂಗ್ಲಿಷ್ ಡಿಕ್ಷನರಿ ಕೈಗೆ ಸಿಗೋ ಹಂಗೆ ಮಾಡಿದ್ದಾರೆ. ಓದ್ದೋರಿಗೆ ಮಾತ್ರ ಓದಿನ ಬೆಲೆ ಗೊತ್ತು" ಅಂದರು. ಜೇಬಿನಿಂದ ಕೈ ಬರಿದಾಗಿ ಬಂತು. ಅದೇ ಕೈಯಲ್ಲಿ ನಮಸ್ಕಾರ ಮಾಡಿದೆ.

ಶನಿವಾರ ನಾಗಮಂಗಲ. ತಾಲ್ಲೂಕು ಆಫೀಸಿನ ಮುಂದೆ ಟಾರ್ಪಾಲಿನ ಕೆಳಗೆ ಮಿಷನ್ನು ಇಟ್ಟುಕೊಂಡು ಅರ್ಜಿ ಟೈಪು ಮಾಡುವವನೊಬ್ಬ ಕೂತಿದ್ದ. ಮಳೆ ಹನಿಯುತ್ತಿತ್ತು, ಜನ ಇರಲಿಲ್ಲ. ಅವನ ಮುಂದೆ ಕಾಗದ ಹಿಡಿದೆ.

"ಅರ್ಜಿನಾ?"

"ಅಲ್ಲ ಕನಣ್ಣ. ಓದಿ ಏಳ್ಬೇಕು. ನಮ್ಮೂರ್ನೋನೊಬ್ಬಂದು."

"ಅವ್ನ್ಯಾಕ್ ಬರ್ನಿಲ್ಲ?"

"ಉಸಾರಿಲ್ಲ."

ಅವನು ಕನ್ನಡಕ ಏರಿಸಿ ಕಣ್ಣಾಡಿಸಿದ. "ಅಯ್ಯೋ ಪಾಪ. ಅಂಗ್ಡಿ ಮುಚ್ತಾವ್ರಂತೆ ಕನಣ್ಣ. ಸೋಮ್ವಾರಕ್ಕೆ ಇವ್ನು..."

ಅವನ ಕೈಯಿಂದ ಕಾಗದ ಕಿತ್ತುಕೊಂಡೆ. ನನಗೇ ಗೊತ್ತಿಲ್ಲದೆ ಕಿತ್ತುಕೊಂಡಿದ್ದೆ.

"ಅರ್ಧಕ್ಕೇ ಕಿತ್ಕೊಂಡ್ಯಲ್ಲಯ್ಯ. ಪೂರ್ತಿ ಕೇಳು."

"ಸಾಕು ಬುಡಣ್ಣ. ಅವ್ನು ಇಷ್ಟೇ ತಡ್ಕಳಲ್ಲ."

"ಅಂಗಾದ್ರೆ ಉಸಾರಿಲ್ದೋನ್ಗೆ ಒಸಿ ಧೈರ್ಯ ಏಳು. ನಿನ್ ಮಕ ನೋಡುದ್ರೆ ಅವ್ನ್ ಕಾಯ್ಲೆ ನಿಂಗೂ ಅಂಟ್ಕಂಡಂಗದೆ" ಅಂದ. ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದೆ. ಬಸ್ಸಿನ ಕಿಟಕಿಯಾಚೆ ಉದ್ದಕ್ಕೂ ಜನ ಗೊಬ್ಬರ ಹೊರುತ್ತಿದ್ದರು, ಭತ್ತದ ಸಸಿ ಬೆಳೆಸುವ ಒಟ್ಲು ಪಾತಿಗೆ ನೀರು ಬಿಡುತ್ತಿದ್ದರು. ಎಲ್ಲರಿಗೂ ಸೋಮವಾರ ಅನ್ನುವುದು ವಾರದ ಬರೀ ಒಂದು ದಿನವಾಗಿತ್ತು.

ಭಾನುವಾರವೂ ಕಳೆಯಿತು. ಸೋಮವಾರ ಬೆಳಿಗ್ಗೆ ಅಂಗಿ ಹಾಕಿಕೊಂಡು ಒಳಜೇಬಿನಿಂದ ಕಾಗದ ತೆಗೆದೆ. ಜಯಮ್ಮ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಅವಳ ಬೆನ್ನ ಹಿಂದೆ ನಿಂತೆ. ಎದುರಿಗೆ ನಿಂತು ಹೇಳುವ ಶಕ್ತಿ ನನಗಿರಲಿಲ್ಲ.

"ಇದೇನು ಅಂತ ಒಸಿ ಓದು."

ಅವಳು ತಿರುಗಿ ನೋಡಿದಳು. ಕಣ್ಣಿಗೆ ಧೂಳು ಅಂತ ಹೇಳಲು ಬಾಯಿ ತೆರೆದೆ. ಹೇಳಲಾಗಲಿಲ್ಲ. "ನಂಗ್ ಬರಲ್ಲ" ಅಂದೆ. ಎರಡೇ ಮಾತು. ಇಷ್ಟು ವರ್ಷದ ಗಾಜು ಆ ಎರಡು ಮಾತಿಗೆ ಪುಡಿಯಾಯಿತು.

ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಮುದ್ದೆಯ ಪಾತ್ರೆ ಇಳಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕಾಗದ ಈಸಿಕೊಂಡಳು.

"ಗೊತ್ತು" ಅಂದಳು. "ಮದ್ವೆ ವರ್ಸನೇ ಗೊತ್ತಾಯ್ತು. ನಂಗ್ ಕೆಮ್ಮು ಬಂದಾಗ ಒಳಗಿಂದ ಬಾಟ್ಲಿ ತಂದ್ ಕೊಟ್ರಿ. ಚೀಟೀಲಿ ಮೈಕೈ ನೋವ್ಗೆ ಅಚ್ಚೋ ಎಣ್ಣೆ ಅಂತ ಇಂಗ್ಲೀಸಲ್ಲಿ ಬರ್ದಿತ್ತು."

"ನೀನ್ ಏನೂ ಅ‌ನ್ನಿಲ್ವಲ್ಲ."

"ಕುಡೀನಿಲ್ಲ ಬುಡಿ, ಬೆನ್ಗೆ ಅಚ್ಕಂಡೆ" ಅಂದು ಓದತೊಡಗಿದಳು. ತುಟಿ ಅಲ್ಲಾಡುತ್ತಿತ್ತು. ಅವಳ ಮುಖದಲ್ಲಿ ನನ್ನ ಹಣೆಬರಹ ಹುಡುಕುತ್ತಾ ನಿಂತೆ. ಮೊದಲನೇ ಹಾಳೆ ಮುಗಿಸಿದಳು. ಮುಖ ಬಿಗಿಯಿತು. ಪಿನ್ನು ತೆಗೆದಳು. ಎರಡನೇ ಹಾಳೆಯ ಮೇಲೆ ಒಂದು ಸಲ ಕಣ್ಣಾಡಿಸಿ ಅದನ್ನು ನನ್ನ ಕೈಗೇ ಕೊಟ್ಟಳು.

"ಇದು ಕನ್ನಡದಾಗದೆ. ನೀವೇ ಓದ್ಕಳಿ."

ಕೈಬರಹದ ಕನ್ನಡ. ನೀಲಿ ಶಾಯಿ. ಒಂಬತ್ತು ದಿನದಿಂದ ನನ್ನ ಎದೆಯ ಮೇಲೇ ಇತ್ತು.

"ನಿಂಗೇಗೌಡರಿಗೆ, ಮೇಲಿನದು ಆಫೀಸಿನ ಕಾಗದ. ಅದನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಅದರಲ್ಲಿರುವುದು ಇಷ್ಟು. ಸ್ಟೇಷನ್ನಿನ ಅಂಗಡಿ ಮುಚ್ಚುತ್ತದೆ. ಜನ ನಮ್ಮಲ್ಲಿಗೆ ಬರಲಿ ಎಂದು ಕಾದು ಕೂತರೆ ಇನ್ನು ಕಂಪನಿ ಉಳಿಯುವುದಿಲ್ಲ. ಸಣ್ಣ ಊರುಗಳಿಗೆ ಪುಸ್ತಕದ ವ್ಯಾನು ಕಳಿಸುವ ಏರ್ಪಾಡು ನಡೆದಿದೆ. ನೀವು ಯಾರನ್ನೂ ಕೇಳದೆ ಮಾಡುತ್ತಿದ್ದ ಕೆಲಸ ಇದೇ. ನಿಮ್ಮ ಚೀಟಿಗಳನ್ನು ಮೇಲಿನವರಿಗೆ ತೋರಿಸಿ ನಾಲ್ಕು ತಾಲ್ಲೂಕಿನ ವ್ಯಾನಿಗೆ ನಿಮ್ಮ ಹೆಸರು ಹೇಳಿದ್ದೇನೆ. ಆದರೆ ಸೋಮವಾರ ಸಂಜೆ ಐದರೊಳಗೆ ಮೈಸೂರಿಗೆ ಬಂದು ಸಹಿ ಹಾಕಬೇಕು. ತಪ್ಪಿದರೆ ಬೇರೆಯವರ ಹೆಸರು ಹೋಗುತ್ತದೆ, ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಇನ್ನೊಂದು ಮಾತು. ಎ, ಆರ್, ಟಿ ಎಂದರೆ ಚಿತ್ರಕಲೆ. ಎದೆಯ ಹಾರ್ಟಿಗೆ ಮೊದಲು ಎಚ್, ಇ ಎಂಬ ಎರಡು ಅಕ್ಷರ ಸೇರಬೇಕು."

ಎರಡು ಸಲ ಓದಿದೆ. ಕೊನೆಯ ಸಾಲು ಮೂರು ಸಲ. ಗೋಡೆಗೆ ಒರಗಿ ನೆಲಕ್ಕೆ ಕೂತೆ. ಜಯಮ್ಮ, "ಕೂತ್ಕಬ್ಯಾಡಿ. ಏಳಿ, ಬಸ್ಸೋಗ್ಬುಡ್ತದೆ" ಅಂದಳು.

ಆ ದಿನ ಹೊಳೆ ಇನ್ನೂ ಏರಿತ್ತು. ಮಧ್ಯಾಹ್ನ ಮೂರರವರೆಗೂ ಬಸ್ಸೇ ಬರಲಿಲ್ಲ. ಸ್ಟ್ಯಾಂಡಿನಲ್ಲಿ ಎರಡು ಬಸ್ಸು ತುಂಬಿಕೊಂಡು ನಿಲ್ಲಿಸದೆ ಹೋದವು. ಮೂರನೆಯದರ ಏಣಿ ಹಿಡಿದು ಟಾಪಿನ ಮೇಲೆ ಹತ್ತಿದೆ, ನೆನೆಯುತ್ತಾ ಕೂತೆ. ಕಾಗದ ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡಿದ್ದೆ. ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕೆಳಗಿನ ನೀರು ನೋಡಿದೆ. ಒಂಬತ್ತು ದಿನ ಹೆದರಿದ್ದು ಒಂದು ತೂಕವಾದರೆ, ತಡವಾಗಿಬಿಟ್ಟರೆ ಅನ್ನುವ ಆ ಒಂದು ಗಂಟೆಯ ಹೆದರಿಕೆ ಇನ್ನೊಂದು ತೂಕ. ಇದು ನಾನೇ ಮಾಡಿಕೊಂಡದ್ದು, ಯಾರ ಮೇಲೂ ಹೊರಿಸುವ ಹಾಗಿರಲಿಲ್ಲ.

ಶೇಷಾದ್ರಿಯವರು ಗಾಜಿಲ್ಲದ ಆ ಹೊಸ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿದ್ದರು. ನನ್ನ ಅಂಗಿಯಿಂದ ನೀರು ಇಳಿದು ನೆಲ ಒದ್ದೆಯಾಯಿತು. ಅವರು ಗಡಿಯಾರ ನೋಡಿದರು.

"ಎರಡನೇ ಹಾಳೆ ಓದಿದ್ರಾ?"

"ಓದ್ದೆ ಸಾರ್. ಇವತ್ ಬೆಳಿಗ್ಗೆ."

"ಕಾಗದ ಬಂದು ವಾರದ ಮೇಲಾಯ್ತಲ್ಲ?"

"ಮೊದ್ಲನೇದೇ ಮುಗ್ದಿರ್ನಿಲ್ಲ ಸಾರ್" ಅಂದೆ.

ಅವರು ಪೆನ್ನು ಮುಂದಕ್ಕೆ ತಳ್ಳಿದರು. ಎಲ್ಲಿ ಸಹಿ ಅಂತ ಬೆರಳಿಟ್ಟು ತೋರಿಸಿದರು. ಕನ್ನಡದಲ್ಲಿ ಹಾಕಲಾ ಅಂತ ಕೇಳಿದೆ. ನಿಮ್ಮ ಹೆಸರು ತಾನೇ, ನಿಮಗೆ ಬರುವ ಹಾಗೆ ಹಾಕಿ ಅಂದರು.

ಆ ವ್ಯಾನಿನಲ್ಲಿ ಎಷ್ಟೋ ಮಳೆಗಾಲ ತಿರುಗಿದೆ. ಬೂಕನಕೆರೆಯ ಸಂತೆಬೀದಿಯಲ್ಲೂ ಬಾಗಿಲು ತೆರೆದು ನಿಂತಿದ್ದೇವೆ. ವ್ಯಾನಿನೊಳಗಿನ ಬೋರ್ಡುಗಳನ್ನು ನಾನು ಕನ್ನಡದಲ್ಲೇ ಬರೆಸಿದೆ, ಕಂಪನಿ ಒಪ್ಪಿತು. ಆಮೇಲೆ ವ್ಯಾನೂ ನಿಂತಿತು, ಕಂಪನಿ ಇನ್ನೇನೋ ಆಯಿತು, ನಾನು ಮೈಸೂರಿನ ಗೋಡೌನಿಗೆ ಹೋದೆ. ಜಯಮ್ಮ ಬಾಟಲಿಗಳ ಚೀಟಿಯಿಂದ ಶುರುಮಾಡಿ ನನಗೆ ಇಂಗ್ಲಿಷು ಕಲಿಸಿದಳು. ಈಗ ಓದುತ್ತೇನೆ, ನಿಧಾನವಾಗಿ. ಆದರೂ ಇಂಗ್ಲಿಷಿನ ಕಾಗದ ಬಂದರೆ ಮೊದಲು ಅದರ ಹಿಂದೆ ಇನ್ನೊಂದು ಹಾಳೆ ಇದೆಯೋ ಅಂತ ತಿರುವುತ್ತೇನೆ. ಸಾಮಾನ್ಯವಾಗಿ ಇರುವುದಿಲ್ಲ.

ಮೊನ್ನೆ ಆ ಅಂಗಡಿಯಲ್ಲಿ ಬೋರ್ಡಿನ ಕೆಳಗೆ ನಿಂತು ಒಂದೊಂದೇ ಪುಸ್ತಕ ನೋಡಿದೆ. ಎಲ್ಲವೂ ಬಣ್ಣದ್ದು, ಕುಂಚದ್ದು. ಸರಿಯಾಗಿಯೇ ಜೋಡಿಸಿದ್ದರು, ನನಗೆ ಹೇಳಲು ಏನೂ ಇರಲಿಲ್ಲ. ಆದರೆ ಆ ಮೂರು ಅಕ್ಷರ ಕಂಡರೆ ಇವತ್ತಿಗೂ ನನಗೆ ಚಿತ್ರ ನೆನಪಾಗುವುದಿಲ್ಲ. ಎದೆಯೇ ಡವಗುಟ್ಟುತ್ತದೆ. ಹಾಗಾಗಿ ಅವತ್ತು ನಾನು ಆ ಬೋರ್ಡು ಹಾಕಿದ್ದು ಪೂರ್ತಿ ತಪ್ಪು ಜಾಗಕ್ಕೆ ಅಂತ ಒಪ್ಪಿಕೊಳ್ಳಲು ಈಗಲೂ ಮನಸ್ಸು ಬರುವುದಿಲ್ಲ.